ಮಂಪರು ಔಷಧಿಗಳ ಕ್ಷೇಮವಿಚಾರ

ಮನುಷ್ಯನ ಜಠರದ ಒಳಗನ್ನು ಅವನು ಬದುಕಿರುವಾಗಲೇ ಕಣ್ಣಾರೆ ನೋಡಬೇಕೆಂಬ ಆಸೆ ವೈದ್ಯರಿಗೆ ಬಹಳ ಹಳೆಯದು. ೧೮೬೮ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯನು ನೆಟ್ಟನೆಯ ಲೋಹದ ಕೊಳವೆಯೊಂದನ್ನು ಬಾಯಿಂದ ಜಠರದವರೆಗೆ ಇಳಿಸಿ ನೋಡಿದನು. ಈ ಪ್ರಯೋಗಕ್ಕೆ ಅವನು ಹುಡುಕಿಕೊಂಡದ್ದು ಕತ್ತಿ ನುಂಗುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ಒಬ್ಬ ಆಟಗಾರನನ್ನು. ಬೇರೆ ಯಾರ ಗಂಟಲೂ ಆ ಕೊಳವೆಯನ್ನು ಸಹಿಸುವಂತಿರಲಿಲ್ಲ. ೧೯೫೭ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಬೇಸಿಲ್ ಹಿರ್ಷೋವಿಟ್ಸ್ ಎಂಬಾತನು ಗಾಜಿನ ಎಳೆಗಳ ಕಟ್ಟಿನಿಂದ ಮಾಡಿದ, ಬೇಕಾದ ಹಾಗೆ ಬಾಗುವ ನಳಿಗೆಯನ್ನು ಮೊದಲು ತಾನೇ ನುಂಗಿ ನೋಡಿ, ಆಮೇಲೆ ರೋಗಿಗಳ ಮೇಲೆ ಪ್ರಯೋಗಿಸಿದನು. ಇಂದು ಎಂಡೋಸ್ಕೋಪಿ ಎಂದು ನಮ್ಮ ಊರುಗಳಲ್ಲಿಯೂ ಬಳಕೆಯಾಗಿರುವ ಮಾತಿನ ಹಿಂದೆ ಇಷ್ಟು ಕಥೆಯಿದೆ.

ನಳಿಗೆ ಎಷ್ಟೇ ಮೆತ್ತಗಾದರೂ ಗಂಟಲಿಗೆ ಅದು ಪರಕೀಯ ವಸ್ತುವೇ. ಅದು ನಾಲಗೆಯ ಬುಡವನ್ನು ಮುಟ್ಟಿದೊಡನೆ ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟಿಹೋಯಿತೆಂಬ ಭಯವಾಗುತ್ತದೆ. ದೊಡ್ಡ ಕರುಳಿನ ಪರೀಕ್ಷೆಯಲ್ಲಿ ಓಕರಿಕೆಯಿಲ್ಲ. ಆದರೆ ಕರುಳಿನ ತಿರುವುಗಳಲ್ಲಿ ನಳಿಗೆ ಮುಂದೆ ಸರಿಯುವಾಗ ಹೊಟ್ಟೆ ಹಿಂಡಿದಂತಾಗುತ್ತದೆ. ಪಿತ್ತನಾಳದ ಕಲ್ಲು ತೆಗೆಯುವಂಥ ಕೆಲಸವಾದರೆ ರೋಗಿಯು ಬಹಳ ಹೊತ್ತು ಅಲುಗದೆ ಮಲಗಿರಬೇಕು. ಆದುದರಿಂದಲೇ ಮಂಪರು ತರಿಸುವ ಔಷಧಿಗಳು ಈ ಪರೀಕ್ಷೆಯ ಜೊತೆಗಾರರಾದವು.

ನಾನು ವೈದ್ಯನಲ್ಲ, ಸಂಖ್ಯಾಶಾಸ್ತ್ರದ ಪಾಠ ಹೇಳುವವನು. ಈ ವಿಷಯಕ್ಕೆ ನನ್ನನ್ನು ಎಳೆದವರು ನಮ್ಮ ಸೋದರಮಾವನವರು. ಎಪ್ಪತ್ತು ದಾಟಿದ ಅವರಿಗೆ ಜಠರದ ಪರೀಕ್ಷೆಯಾಗಬೇಕೆಂದು ಗೊತ್ತಾದಾಗ, “ಅದಕ್ಕೆ ಎರಡು ಮೂರು ಬಗೆ ಇಂಜೆಕ್ಷನ್ ಇವೆಯಂತೆ. ಅಪಾಯವಿಲ್ಲದ್ದು ಯಾವುದು ಅಂತ ಓದಿ ನೋಡಿ ಹೇಳಯ್ಯ” ಎಂದರು. ಪ್ರಶ್ನೆ ಸರಳವಾಗಿ ಕಂಡಿತು. ಎರಡು ಔಷಧಿಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಚಿಕ್ಕದನ್ನು ಆರಿಸಿದರಾಯಿತು ಎನ್ನಿಸುವಂಥ ಪ್ರಶ್ನೆ. ಓದುತ್ತ ಹೋದಂತೆ ಅದು ಅರ್ಧ ಪ್ರಶ್ನೆಯೆಂದು ತಿಳಿಯಿತು. ಎಷ್ಟು ಪ್ರಮಾಣ, ಎಷ್ಟು ನಿಧಾನವಾಗಿ, ಯಾವುದರ ಜೊತೆಗೆ, ಯಾರಿಗೆ, ಉಸಿರನ್ನು ನೋಡುತ್ತ ಕುಳಿತವರು ಯಾರು — ಇಷ್ಟನ್ನೂ ಸೇರಿಸದೆ ‘ಯಾವುದು ಕ್ಷೇಮ’ ಎಂದು ಕೇಳಿದರೆ ಉತ್ತರವೇ ಇಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಇದು ವೈದ್ಯಕ್ಕಿಂತ ಹೆಚ್ಚಾಗಿ ಹೋಲಿಕೆ ಮಾಡುವ ಕ್ರಮದ ಪಾಠವಾಗಿ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಮೊದಲು ಮಂಪರು ಎಂದರೇನೆಂದು ನೋಡೋಣ. ಎಚ್ಚರ ಮತ್ತು ಪೂರ್ಣ ಅರಿವಳಿಕೆಗಳ ನಡುವೆ ಗೋಡೆಯಿಲ್ಲ, ಮೆಟ್ಟಿಲುಗಳಿವೆ. ಮೊದಲನೆಯ ಮೆಟ್ಟಿಲಿನಲ್ಲಿ ಭಯ ಇಳಿದು ಮನಸ್ಸು ಹಗುರವಾಗುತ್ತದೆ, ಅಷ್ಟೆ. ಎರಡನೆಯದರಲ್ಲಿ ಕಣ್ಣು ಮುಚ್ಚಿರುತ್ತದೆ. ಆದರೆ ಹೆಸರು ಹಿಡಿದು ಕರೆದರೆ, ಮೆಲ್ಲನೆ ತಟ್ಟಿದರೆ ರೋಗಿಯು ಓಗೊಡುತ್ತಾನೆ. ಉಸಿರು ತಾನಾಗಿಯೇ ಸರಿಯಾಗಿ ನಡೆಯುತ್ತಿರುತ್ತದೆ. ಮೂರನೆಯದರಲ್ಲಿ ಮತ್ತೆ ಮತ್ತೆ ಅಲುಗಿಸಿದರೆ ಅಥವಾ ನೋವಾದರೆ ಮಾತ್ರ ಪ್ರತಿಕ್ರಿಯೆ. ಇಲ್ಲಿ ನಾಲಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಅಡ್ಡವಾಗಬಹುದು. ನಾಲ್ಕನೆಯದು ಶಸ್ತ್ರಚಿಕಿತ್ಸೆಯ ಅರಿವಳಿಕೆ. ಸಾಮಾನ್ಯ ಪರೀಕ್ಷೆಗೆ ಎರಡನೆಯ ಮೆಟ್ಟಿಲು ಸಾಕು. ಆದರೆ ಔಷಧಿಗೆ ನಮ್ಮ ಮೆಟ್ಟಿಲುಗಳ ಪರಿವೆಯಿಲ್ಲ. ಇಪ್ಪತ್ತೈದರ ತರುಣನನ್ನು ಎರಡನೆಯ ಮೆಟ್ಟಿಲಿನಲ್ಲಿ ನಿಲ್ಲಿಸುವ ಪ್ರಮಾಣವೇ ಎಪ್ಪತ್ತೈದರ ವೃದ್ಧೆಯನ್ನು ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇಳಿಸಿಬಿಡಬಹುದು. ಈ ಔಷಧಿಗಳಿಂದಾಗುವ ಅನಾಹುತಗಳಲ್ಲಿ ಬಹುಪಾಲು ಹೀಗೆ ಎಣಿಸಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಜಾರಿದ್ದರಿಂದ ಆದವುಗಳು. ಮೊದಲು ಉಸಿರು ನಿಧಾನವಾಗುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಹೃದಯ ಸೋಲುವುದು ಅದರ ಅನಂತರ.

ಮೆದುಳಿನಲ್ಲಿ ನರಕೋಶಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ವಸ್ತುವಿದೆ. ಅದು ಕೋಶದ ಮೇಲಿನ ಒಂದು ಬಾಗಿಲನ್ನು ತೆರೆದು ಕೋಶವನ್ನು ಶಾಂತಗೊಳಿಸುತ್ತದೆ. ಡಯಾಜೆಪಾಮ್, ಮಿಡಜೋಲಾಮ್ ಮುಂತಾದ ಬೆಂಜೋಡಯಾಜೆಪೀನ್ ವರ್ಗದ ಔಷಧಿಗಳು ಬಾಗಿಲ ತಿರುಗಣಿಗೆ ಎಣ್ಣೆ ಹಾಕಿದಂತೆ. ಬಾಗಿಲನ್ನು ತಳ್ಳುವ ಕೆಲಸ ಗಾಬಾದ್ದೇ. ಆದುದರಿಂದ ಅವುಗಳ ಪರಿಣಾಮಕ್ಕೆ ಒಂದು ಮಿತಿ ತಾನಾಗಿಯೇ ಇದೆ. ಪ್ರೋಪೋಫಾಲ್ ಎಂಬ ಇನ್ನೊಂದು ಔಷಧಿ ಎಣ್ಣೆಯನ್ನೂ ಹಾಕುತ್ತದೆ, ಪ್ರಮಾಣ ಹೆಚ್ಚಿದರೆ ಬಾಗಿಲನ್ನು ತಾನೇ ತಳ್ಳಿಯೂ ಬಿಡುತ್ತದೆ. ಪುಸ್ತಕದಲ್ಲಿ ಇಷ್ಟನ್ನೇ ಓದಿದವನು ಮೊದಲನೆಯದು ಕ್ಷೇಮ, ಎರಡನೆಯದು ಅಪಾಯ ಎಂದು ತೀರ್ಮಾನಿಸಿಬಿಟ್ಟಾನು. ನಡೆದ ಇತಿಹಾಸ ಹಾಗಿಲ್ಲ.

ಡಯಾಜೆಪಾಮ್ ೧೯೬೩ರಲ್ಲಿ ಮಾರುಕಟ್ಟೆಗೆ ಬಂದಿತು. ಅದು ನೀರಿನಲ್ಲಿ ಕರಗದು. ರಕ್ತನಾಳಕ್ಕೆ ಚುಚ್ಚಿದರೆ ಉರಿ, ಕೆಲವೊಮ್ಮೆ ನಾಳದ ಊತ. ಶರೀರದಿಂದ ಪೂರ್ತಿ ಹೊರಹೋಗಲು ದಿನಗಳೇ ಬೇಕು. ಈ ದೋಷಗಳಿಲ್ಲದ ಮಿಡಜೋಲಾಮ್ ೧೯೭೫ರಲ್ಲಿ ತಯಾರಾಗಿ, ೧೯೮೫ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಎಲ್ಲರೂ ಅದನ್ನು ಸ್ವಾಗತಿಸಿದರು. ಆದರೆ ಕೆಲವೇ ವರ್ಷಗಳಲ್ಲಿ ಅಲ್ಲಿನ ಸರ್ಕಾರಕ್ಕೆ ಈ ಔಷಧಿಯ ಬಳಕೆಯ ವೇಳೆ ಸಂಭವಿಸಿದ ಸುಮಾರು ೮೦ ಸಾವುಗಳ ವರದಿ ಬಂದಿತ್ತು. ಅವುಗಳಲ್ಲಿ ನೂರಕ್ಕೆ ೭೮ ಉಸಿರಾಟಕ್ಕೆ ಸಂಬಂಧಿಸಿದವು. ನೂರಕ್ಕೆ ೫೭ರಲ್ಲಿ ಅಫೀಮಿನ ಜಾತಿಯ ನೋವುನಿವಾರಕವೊಂದನ್ನು ಜೊತೆಗೆ ಕೊಡಲಾಗಿತ್ತು. ಮೂರನ್ನು ಬಿಟ್ಟರೆ ಉಳಿದ ಸಾವುಗಳೆಲ್ಲ ಅರಿವಳಿಕೆ ತಜ್ಞರ ವರ್ಗದವರಾರೂ ಪಕ್ಕದಲ್ಲಿಲ್ಲದಾಗ ಆದವುಗಳು. ಹೊಸ ಔಷಧಿಯು ಹಳೆಯದಕ್ಕಿಂತ ಮೂರು ನಾಲ್ಕು ಪಟ್ಟು ಪ್ರಬಲವಾಗಿದ್ದುದು, ವೈದ್ಯರ ಕೈ ಮಾತ್ರ ಡಯಾಜೆಪಾಮಿನ ಅಳತೆಗೆ ಪಳಗಿದ್ದುದು, ಒಂದು ಮಿಲಿಲೀಟರಿನಲ್ಲಿ ೫ ಮಿಲಿಗ್ರಾಂ ಇದ್ದ ಗಟ್ಟಿ ದ್ರಾವಣದಿಂದ ಸಿರಿಂಜಿನ ಒಂದೇ ಒತ್ತಿಗೆ ಅತಿಯಾದ ಪ್ರಮಾಣ ಒಳಹೋಗುತ್ತಿದ್ದುದು — ಇವು ಕಾರಣಗಳು. ಆಮೇಲೆ ೧ ಮಿಲಿಗ್ರಾಮಿನ ತೆಳು ದ್ರಾವಣ ಬಂದಿತು, ಅಳತೆ ಇಳಿಯಿತು.

ಅಷ್ಟಾದರೂ ಪಾಠ ಎಲ್ಲೆಡೆ ಹರಡಿತೆಂದು ಹೇಳುವಂತಿಲ್ಲ. ೨೦೦೪ರ ನವೆಂಬರಿನಿಂದ ೨೦೦೮ರ ನವೆಂಬರಿನವರೆಗೆ ಬ್ರಿಟನ್ನಿನ ರೋಗಿಸುರಕ್ಷಾ ಸಂಸ್ಥೆಗೆ ಮಿಡಜೋಲಾಮಿನ ಅಳತೆ ತಪ್ಪಿದ ೪೯೮ ಪ್ರಸಂಗಗಳು ವರದಿಯಾದವು; ಮೂರರಲ್ಲಿ ಸಾವು. ಗಟ್ಟಿ ದ್ರಾವಣವನ್ನು ಇಂಥ ಪರೀಕ್ಷಾ ಕೊಠಡಿಗಳಿಂದ ದೂರವಿಡಬೇಕೆಂದು ಆ ಸಂಸ್ಥೆ ೨೦೦೮ರ ಡಿಸೆಂಬರಿನಲ್ಲಿ ಸೂಚನೆ ಹೊರಡಿಸಿತು. ಔಷಧಿ ಅದೇ, ರೋಗಿಗಳೂ ಅಂಥವರೇ. ಸೀಸೆ ಬದಲಾದರೆ ಕ್ಷೇಮವೂ ಬದಲಾಗುತ್ತದೆ.

ಜೋಡಿ ಔಷಧಿಗಳ ವಿಷಯದಲ್ಲಿ ೧೯೯೦ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಅದರಲ್ಲಿದ್ದವರು ತಾವಾಗಿ ಮುಂದೆ ಬಂದ ೧೨ ಮಂದಿ ಆರೋಗ್ಯವಂತರು ಮಾತ್ರ. ಅವರಿಗೆ ಮಿಡಜೋಲಾಮ್ ಒಂದನ್ನೇ ಕೊಟ್ಟಾಗ ಉಸಿರಿಗೆ ಗಣನೀಯವಾದ ತೊಂದರೆಯೇನೂ ಕಾಣಲಿಲ್ಲ. ಫೆಂಟನಿಲ್ ಎಂಬ ನೋವುನಿವಾರಕ ಒಂದನ್ನೇ ಕೊಟ್ಟಾಗ ೬ ಮಂದಿಯಲ್ಲಿ ಆಮ್ಲಜನಕ ಇಳಿಯಿತು. ಉಸಿರು ಯಾರಲ್ಲಿಯೂ ನಿಲ್ಲಲಿಲ್ಲ. ಎರಡನ್ನೂ ಸೇರಿಸಿ ಕೊಟ್ಟಾಗ ೧೧ ಮಂದಿಯಲ್ಲಿ ಆಮ್ಲಜನಕ ಇಳಿಯಿತು, ೬ ಮಂದಿಯಲ್ಲಿ ಉಸಿರೇ ನಿಂತಿತು. ಸೊನ್ನೆಗೆ ಸೊನ್ನೆ ಕೂಡಿಸಿದರೆ ಸೊನ್ನೆಯೆಂದು ನಾವು ಕಲಿಸುತ್ತೇವೆ. ಇಲ್ಲಿ ಉಸಿರು ನಿಂತವರ ಸಂಖ್ಯೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಸೊನ್ನೆ, ಕೂಡಿದಾಗ ಆರು! ಇದು ಹೇಗೆಂದರೆ, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿದಾಗ ‘ಉಸಿರಾಡು’ ಎಂದು ಶ್ವಾಸಕೇಂದ್ರವನ್ನು ಎಬ್ಬಿಸುವ ಪ್ರೇರಣೆಯನ್ನು ನೋವುನಿವಾರಕವು ಮಂಕು ಮಾಡುತ್ತದೆ. ಎಚ್ಚರವಾಗಿರುವವನು ಆ ಪ್ರೇರಣೆ ಕುಗ್ಗಿದರೂ ಹೇಗೋ ಉಸಿರಾಡುತ್ತಾನೆ. ಮಿಡಜೋಲಾಮ್ ಆ ಎಚ್ಚರವನ್ನೂ ಕಿತ್ತುಕೊಳ್ಳುತ್ತದೆ. ಹೀಗಿರಲು, ಮಿಡಜೋಲಾಮ್ ಕ್ಷೇಮವೋ ಅಲ್ಲವೋ ಎಂದು ಅದೊಂದನ್ನೇ ಹಿಡಿದು ಕೇಳುವುದರಲ್ಲಿ ಅರ್ಥವೆಲ್ಲಿದೆ? ನೋವಿನ ಪರೀಕ್ಷೆಗಳಲ್ಲಿ ಈ ಜೋಡಿ ಅಗತ್ಯವಾಗುತ್ತದೆಂಬುದು ನಿಜ. ಆಗ ನೋವುನಿವಾರಕವನ್ನು ಮೊದಲು ಕೊಟ್ಟು, ಅದರ ಪರಿಣಾಮ ನೋಡಿ, ಮಿಡಜೋಲಾಮಿನ ಅಳತೆಯನ್ನು ಇಳಿಸಿ ಕೊಡುವುದು ಬಲ್ಲವರ ಕ್ರಮ.

ಈ ನೋವುನಿವಾರಕಗಳಲ್ಲಿ ಹಳೆಯದು ಪೆಥಿಡಿನ್. ಅದು ಶರೀರದಲ್ಲಿ ಒಡೆದಾಗ ಉಂಟಾಗುವ ವಸ್ತುವೊಂದು ಮೂತ್ರಪಿಂಡ ಸೋತವರಲ್ಲಿ ಶೇಖರವಾಗಿ ಫಿಟ್ಸ್ ತರಬಲ್ಲದು. ಮನೋರೋಗಕ್ಕೆ ಕೊಡುವ ಕೆಲವು ಹಳೆಯ ಮಾತ್ರೆಗಳೊಡನೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಫೆಂಟನಿಲ್ ಬೇಗ ಏರಿ ಬೇಗ ಇಳಿಯುತ್ತದೆ. ಆದರೆ ಅದರ ಅಳತೆ ಮೈಕ್ರೋಗ್ರಾಮಿನಲ್ಲಿ, ಕೈ ತಪ್ಪಿದರೆ ತಪ್ಪೂ ದೊಡ್ಡದು.

ಮಿಡಜೋಲಾಮಿನ ಪರವಾಗಿ ಹೇಳಬೇಕಾದ ದೊಡ್ಡ ಮಾತೆಂದರೆ ಅದಕ್ಕೆ ಪ್ರತಿಮದ್ದು ಉಂಟು. ಫ್ಲುಮಾಜೆನಿಲ್ ಎಂಬ ಚುಚ್ಚುಮದ್ದು ಒಂದೆರಡು ನಿಮಿಷದಲ್ಲಿ ರೋಗಿಯನ್ನು ಎಚ್ಚರಿಸುತ್ತದೆ. ಫೆಂಟನಿಲ್, ಪೆಥಿಡಿನ್‌ಗಳಿಗೆ ನಲೊಕ್ಸೋನ್ ಇದೆ. ಆದರೆ ಫ್ಲುಮಾಜೆನಿಲ್ಲಿನ ಆಯಸ್ಸು ಮಿಡಜೋಲಾಮಿನ ಆಯಸ್ಸಿಗಿಂತ ಕಡಿಮೆ. ಎಚ್ಚರವಾದ ರೋಗಿಯನ್ನು ಸರಿಯಾಯಿತೆಂದು ಮನೆಗೆ ಕಳುಹಿಸಿದರೆ ದಾರಿಯಲ್ಲಿ ಮತ್ತೆ ಮಂಪರು ಕವಿಯಬಹುದು. ಬಹುದಿನದಿಂದ ನಿದ್ರೆಯ ಮಾತ್ರೆಗೆ ಒಗ್ಗಿದವರಿಗೆ ಇದನ್ನು ಕೊಟ್ಟರೆ ಫಿಟ್ಸ್ ಬರುವ ಭಯವೂ ಉಂಟು. ಪ್ರತಿಮದ್ದು ಕಪಾಟಿನಲ್ಲಿದೆ ಎಂಬ ಧೈರ್ಯದಿಂದ ಅಳತೆ ಏರಿಸುವವನು, ಬಾವಿಗೆ ಹಗ್ಗವಿದೆಯಲ್ಲ ಎಂದು ಕತ್ತಲಲ್ಲಿ ಕಟ್ಟೆಯ ಮೇಲೆ ನಡೆಯುವವನಂತೆ.

ಇನ್ನು ಪ್ರೋಪೋಫಾಲ್. ಇದನ್ನು ೧೯೭೩ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಐ.ಸಿ.ಐ. ಕಂಪೆನಿಯಲ್ಲಿದ್ದ ಜಾನ್ ಗ್ಲೆನ್. ಮೂಲತಃ ಆತ ಪಶುವೈದ್ಯ. ೧೯೭೭ರಲ್ಲಿ ಮನುಷ್ಯರ ಮೇಲೆ ಪ್ರಯೋಗ ಆರಂಭವಾದಾಗ ಔಷಧಿಯನ್ನು ಕರಗಿಸಿದ್ದ ದ್ರವವು ಕೆಲವರಿಗೆ ಒಗ್ಗದೆ ತೀವ್ರ ಪ್ರತಿಕ್ರಿಯೆಗಳಾಗಿ, ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. ಅನಂತರ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ನಿನಲ್ಲಿ ಕಲಸಿ ಮಾಡಿದ ಹಾಲಿನಂಥ ರೂಪದಲ್ಲಿ ೧೯೮೬ರಲ್ಲಿ ಬಳಕೆಗೆ ಬಂದಿತು. ಈ ಎಣ್ಣೆಹಾಲು ಸೂಕ್ಷ್ಮಜೀವಿಗಳಿಗೂ ಒಳ್ಳೆಯ ಆಹಾರ. ೧೯೯೦ರಿಂದ ೧೯೯೩ರವರೆಗೆ ಅಮೆರಿಕದ ಏಳು ಆಸ್ಪತ್ರೆಗಳಲ್ಲಿ ಹಬ್ಬಿದ ಸೋಂಕುಗಳಿಗೆ ಈ ಔಷಧಿಯನ್ನು ಶುಚಿಯಾಗಿ ಬಳಸದೆ ಇದ್ದುದೇ ಮೂಲವೆಂದು ತಿಳಿದುಬಂದಿತು. ಔಷಧಿಯ ಅಪಾಯವೆಂದಾಗ ಇಂಥವು ನಮ್ಮ ಎಣಿಕೆಗೇ ಬರುವುದಿಲ್ಲ.

ಚುಚ್ಚಿದ ಅರ್ಧ ಮುಕ್ಕಾಲು ನಿಮಿಷದಲ್ಲಿ ಪ್ರೋಪೋಫಾಲ್ ನಿದ್ರೆ ತರುತ್ತದೆ. ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ರೋಗಿಯು ತಿಳಿಯಾದ ತಲೆಯಿಂದ ಏಳುತ್ತಾನೆ. ಇದೇ ಅದರ ಗುಣ, ಇದೇ ಅದರ ಅಪಾಯ. ಎರಡನೆಯ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಇಳಿಯಲು ಅದಕ್ಕೆ ಹೆಚ್ಚು ಹೊತ್ತು ಬೇಡ. ರಕ್ತದೊತ್ತಡವನ್ನು ಇಳಿಸುತ್ತದೆ. ಪ್ರತಿಮದ್ದಿಲ್ಲ, ಕಾಯುವುದು, ಗದ್ದವನ್ನೆತ್ತಿ ದಾರಿ ಬಿಡಿಸುವುದು, ಬೇಕಾದರೆ ಮುಖವಾಡ ಹಿಡಿದು ಉಸಿರು ತುಂಬುವುದು — ಇವೇ ಅದಕ್ಕೆ ಪ್ರತಿಮದ್ದು. ಆದುದರಿಂದಲೇ ಅಮೆರಿಕದಲ್ಲಿ ಔಷಧಿಯ ಜೊತೆಗಿರುವ ಪತ್ರದಲ್ಲಿ, ಅರಿವಳಿಕೆಯಲ್ಲಿ ತರಬೇತಾದವರೂ ಪರೀಕ್ಷೆಯ ಕೆಲಸದಲ್ಲಿ ತೊಡಗದವರೂ ಮಾತ್ರ ಇದನ್ನು ಕೊಡಬೇಕೆಂದು ಬರೆದಿರುತ್ತಾರೆ.

ಈ ಎರಡು ಪಂಗಡಗಳನ್ನು ನೇರವಾಗಿ ಹೋಲಿಸಿದ ಪ್ರಯೋಗಗಳಿವೆ. ೨೦೦೫ರಲ್ಲಿ ೧೨ ಪ್ರಯೋಗಗಳ ೧,೧೬೧ ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ, ದೊಡ್ಡ ಕರುಳಿನ ಪರೀಕ್ಷೆಯಲ್ಲಿ ಪ್ರೋಪೋಫಾಲ್ ಪಡೆದವರಿಗೆ ಹೃದಯ ಹಾಗೂ ಉಸಿರಿನ ತೊಂದರೆಗಳು ಕಡಿಮೆಯಿದ್ದುವು. ಮಿಕ್ಕ ಪರೀಕ್ಷೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ೨೦೦೮ರ ಕೊಕ್ರೇನ್ ಸಮೀಕ್ಷೆಯೂ ಪ್ರೋಪೋಫಾಲಿನಿಂದ ರೋಗಿಗಳು ಬೇಗ ಚೇತರಿಸಿಕೊಳ್ಳುತ್ತಾರೆ, ಹೆಚ್ಚು ತೃಪ್ತರಾಗಿರುತ್ತಾರೆ, ತೊಂದರೆಗಳಲ್ಲಿ ವ್ಯತ್ಯಾಸವಿಲ್ಲ ಎಂದು ಹೇಳಿತು. ಇಲ್ಲಿ ವಿದ್ಯಾರ್ಥಿಗಳು ನಿಧಾನಿಸಬೇಕು. ‘ವ್ಯತ್ಯಾಸ ಕಾಣಲಿಲ್ಲ’ ಎಂದರೆ ‘ವ್ಯತ್ಯಾಸವಿಲ್ಲ’ ಎಂದಲ್ಲ. ಮೊದಲ ಲೆಕ್ಕದಲ್ಲಿ ಪ್ರೋಪೋಫಾಲ್ ಪಡೆದವರು ೬೩೪ ಮಂದಿ. ಅವರಲ್ಲಿ ಒಬ್ಬರೂ ಸಾಯಲಿಲ್ಲವೆಂದು ಇಟ್ಟುಕೊಳ್ಳಿ. ಒಂದು ಘಟನೆ ಒಂದು ಸಲವೂ ನಡೆಯದಿದ್ದಾಗ, ಮೂರನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಅದರ ನಿಜವಾದ ಪ್ರಮಾಣದ ಮೇಲಿನ ಎಲ್ಲೆ ಸಿಗುತ್ತದೆಂದು ನಮ್ಮ ಶಾಸ್ತ್ರದಲ್ಲಿ ಒಂದು ಸುಲಭ ಸೂತ್ರವಿದೆ. ನೂರಕ್ಕೆ ತೊಂಬತ್ತೈದರಷ್ಟು ಭರವಸೆ ಇಟ್ಟುಕೊಳ್ಳಬಹುದಾದ ಸೂತ್ರ. ೩ನ್ನು ೬೩೪ರಿಂದ ಭಾಗಿಸಿದರೆ ೨೧೧ರಲ್ಲಿ ಒಂದು! ಅಂದರೆ ಅಷ್ಟು ಪ್ರಯೋಗಗಳಾದ ಮೇಲೂ, ಸಾವಿನ ಮಟ್ಟಿಗೆ ಅವು ಹೇಳಬಲ್ಲದ್ದು ‘೨೧೧ಕ್ಕೆ ಒಂದಕ್ಕಿಂತ ಹೆಚ್ಚಿರಲಾರದು’ ಎಂದಷ್ಟೆ. ಅದು ಯಾರಿಗೆ ತಾನೆ ಸಮಾಧಾನ ಕೊಟ್ಟೀತು?

ಅಪರೂಪದ ಅಪಾಯವನ್ನು ತಿಳಿಯಲು ದೊಡ್ಡ ಸಂಖ್ಯೆಗಳೇ ಬೇಕು. ಅಂಥವು ಎರಡಿವೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಲೇಸು. ಮೊದಲನೆಯದು ೧೯೯೫ರಲ್ಲಿ ಪ್ರಕಟವಾದದ್ದು. ಇಂಗ್ಲೆಂಡಿನ ಎರಡು ಪ್ರಾಂತಗಳ ೩೬ ಆಸ್ಪತ್ರೆಗಳಲ್ಲಿ ನಡೆದ ೧೪,೧೪೯ ಜಠರ ಪರೀಕ್ಷೆಗಳ ಲೆಕ್ಕ. ಅಲ್ಲಿ ಡಯಾಜೆಪಾಮ್ ಅಥವಾ ಮಿಡಜೋಲಾಮ್ ಬಳಕೆ. ಬರಿಯ ತಪಾಸಣೆಗಾಗಿ ಮಾಡಿದ ಪರೀಕ್ಷೆಗಳಲ್ಲಿ ೨,೦೦೦ಕ್ಕೆ ಒಂದು ಸಾವು. ಎರಡನೆಯದು ೨೦೦೯ರಲ್ಲಿ ಡಗ್ಲಾಸ್ ರೆಕ್ಸ್ ಮತ್ತು ಜೊತೆಗಾರರು ಹಲವು ದೇಶಗಳಿಂದ ಕಲೆಹಾಕಿದ್ದು. ಪರೀಕ್ಷೆ ಮಾಡುವ ವೈದ್ಯರ ನಿರ್ದೇಶನದಲ್ಲಿಯೇ ಪ್ರೋಪೋಫಾಲ್ ಕೊಟ್ಟ ೬,೪೬,೦೮೦ ಪ್ರಸಂಗಗಳು, ಸಾವು ನಾಲ್ಕು. ಅಂದರೆ ೧,೬೧,೫೨೦ಕ್ಕೆ ಒಂದು. ಭಾಗಿಸಿ ನೋಡಿದರೆ ಪ್ರೋಪೋಫಾಲ್ ಎಂಬತ್ತು ಪಟ್ಟು ಕ್ಷೇಮವೆಂದಾಯಿತು. ತರಗತಿಯಲ್ಲಿ ಈ ಎರಡು ಅಂಕಿಗಳನ್ನು ಬರೆದು ತೀರ್ಮಾನ ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಹಾಗೆಯೇ ಹೇಳುತ್ತಾರೆ.

ಆದರೆ ಆ ಇಂಗ್ಲೆಂಡಿನ ವರದಿಯನ್ನು ಒಳಹೊಕ್ಕು ನೋಡಿರಿ. ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ರಕ್ತನಾಳದಲ್ಲಿ ಸೂಜಿಯನ್ನು ಉಳಿಸಿಕೊಂಡಿದ್ದರು. ಆಮ್ಲಜನಕ ಕೊಟ್ಟದ್ದು ಕೆಲವರಿಗೆ ಮಾತ್ರ. ಚೇತರಿಕೆಯ ಕೊಠಡಿ ಕೆಲವೆಡೆ ಹೆಸರಿಗಷ್ಟೆ. ತರಬೇತಿ ಸಾಲದ ಕಿರಿಯ ವೈದ್ಯರು ಮೇಲ್ವಿಚಾರಣೆಯಿಲ್ಲದೆ ಪರೀಕ್ಷೆ ಮಾಡುತ್ತಿದ್ದರು. ಸರಾಸರಿ ಅಳತೆ ಡಯಾಜೆಪಾಮ್ ೧೩.೮ ಮಿಲಿಗ್ರಾಂ, ಮಿಡಜೋಲಾಮ್ ೫.೭ ಮಿಲಿಗ್ರಾಂ. ಎರಡನೆಯದು ಮೂರು ನಾಲ್ಕು ಪಟ್ಟು ಪ್ರಬಲವೆಂಬುದನ್ನು ನೆನಪಿಟ್ಟು ಗುಣಿಸಿದರೆ, ಆ ೫.೭ ಎಂಬುದು ೧೭ರಿಂದ ೨೩ ಮಿಲಿಗ್ರಾಂ ಡಯಾಜೆಪಾಮಿಗೆ ಸಮ. ಅಳತೆ ಹೆಚ್ಚಿದ್ದಲ್ಲಿಯೂ ನಿಗಾ ಕಡಿಮೆಯಿದ್ದಲ್ಲಿಯೂ ಅನಾಹುತ ಹೆಚ್ಚೆಂದು ವರದಿಯೇ ಸ್ಪಷ್ಟವಾಗಿ ಹೇಳುತ್ತದೆ. ಎರಡನೆಯ ಲೆಕ್ಕದ ವೈದ್ಯರಾದರೋ ಈ ಔಷಧಿಗಾಗಿಯೇ ತಯಾರಾಗಿ, ರೋಗಿಗಳನ್ನು ಆರಿಸಿ, ಉಪಕರಣಗಳನ್ನಿಟ್ಟುಕೊಂಡು ಕೆಲಸ ಮಾಡಿದವರು. ತಮ್ಮ ಲೆಕ್ಕವನ್ನು ತಾವೇ ಒಪ್ಪಿಸಿದವರು. ಅಲ್ಲಿ ಸತ್ತ ನಾಲ್ವರೂ ಮೊದಲೇ ತೀವ್ರ ಅಸ್ವಸ್ಥರಾಗಿದ್ದವರು. ಇಷ್ಟಾಗಿಯೂ ೫,೬೯,೨೨೦ ಪ್ರಸಂಗಗಳಲ್ಲಿ ೪೮೯ ಸಲ ಮುಖವಾಡ ಹಿಡಿದು ಉಸಿರು ತುಂಬಬೇಕಾಯಿತು. ಸುಮಾರು ೧,೧೬೪ಕ್ಕೆ ಒಂದು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಅಂಕಿ ಇದೇ. ಆ ೪೮೯ ಮಂದಿಯ ಪಕ್ಕದಲ್ಲಿ ಮುಖವಾಡ ಹಿಡಿಯಬಲ್ಲ ಕೈ ಇಲ್ಲದಿದ್ದರೆ ಸಾವುಗಳ ಸಂಖ್ಯೆ ನಾಲ್ಕರಲ್ಲಿ ನಿಲ್ಲುತ್ತಿತ್ತೆ? ಔಷಧಿಯ ಹೆಸರಿನ ಮುಂದೆ ನಾವು ಬರೆಯುವ ಅಂಕಿ ನಿಜವಾಗಿ ಆ ಕೈಯ ಅಂಕಿ.

ಹಾಗಾದರೆ ತಜ್ಞರನ್ನು ಕೂರಿಸಿ ಗಾಢ ನಿದ್ರೆ ಕೊಟ್ಟರೆ ಎಲ್ಲವೂ ಸರಿಹೋಯಿತೆ? ಅದೂ ಅಷ್ಟು ಸುಲಭವಲ್ಲ. ಅಮೆರಿಕದ ಮೂವತ್ತೊಂದು ಲಕ್ಷಕ್ಕೂ ಮಿಕ್ಕಿದ ದೊಡ್ಡ ಕರುಳಿನ ಪರೀಕ್ಷೆಗಳನ್ನು ಪರಿಶೀಲಿಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿವಳಿಕೆ ತಜ್ಞರ ಸೇವೆ ಪಡೆದವರಲ್ಲಿ ಮೂವತ್ತು ದಿನಗಳೊಳಗಿನ ತೊಂದರೆಗಳು ನೂರಕ್ಕೆ ೧೩ರಷ್ಟು ಹೆಚ್ಚಿದ್ದುವು. ಹೆಚ್ಚು ಅಸ್ವಸ್ಥರಿಗೇ ತಜ್ಞರನ್ನು ಕರೆದಿರಬಹುದು, ಅದನ್ನು ಮರೆಯಬಾರದು. ಆದರೂ, ಎಚ್ಚರವಿದ್ದವನು “ಅಯ್ಯೋ, ನೋವು” ಎಂದಾಗ ವೈದ್ಯನ ಕೈ ತಡೆಯುತ್ತದೆ. ಗಾಢ ನಿದ್ರೆಯಲ್ಲಿರುವವನು ಏನೂ ಹೇಳಲಾರನೆಂಬುದೂ ಯೋಚಿಸತಕ್ಕ ಮಾತು.

ಕಾವಲು ಸಡಿಲವಾದರೆ ಏನಾಗುತ್ತದೆಂಬುದಕ್ಕೆ ಜಗತ್ತೆಲ್ಲ ಅರಿತ ಒಂದು ಪ್ರಸಂಗವಿದೆ. ಅಮೆರಿಕದ ಹೆಸರಾಂತ ಹಾಸ್ಯಕಲಾವಿದೆ ಜೋನ್ ರಿವರ್ಸ್, ೮೧ ವರ್ಷದವರು, ೨೦೧೪ರ ಆಗಸ್ಟ್ ೨೮ರಂದು ನ್ಯೂಯಾರ್ಕಿನ ಒಂದು ಚಿಕಿತ್ಸಾಲಯದಲ್ಲಿ ಪ್ರೋಪೋಫಾಲ್ ಪಡೆದು ಗಂಟಲು ಹಾಗೂ ಜಠರದ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದಾಗ ಆಮ್ಲಜನಕವಿಲ್ಲದೆ ಹೃದಯ ನಿಂತಿತು. ಸೆಪ್ಟೆಂಬರ್ ೪ರಂದು ತೀರಿಕೊಂಡರು. ಔಷಧಿ ಕೊಡುವ ಮೊದಲು ಅವರ ತೂಕವನ್ನು ದಾಖಲಿಸಿರಲಿಲ್ಲವೆಂದೂ, ನಾಡಿ ಮತ್ತು ರಕ್ತದೊತ್ತಡ ಕುಸಿಯುತ್ತಿದ್ದುದನ್ನು ಸಕಾಲದಲ್ಲಿ ಗುರುತಿಸಲಿಲ್ಲವೆಂದೂ ಸರ್ಕಾರದ ತಪಾಸಣೆ ಹೇಳಿತು. ಔಷಧಿಯನ್ನು ದೂಷಿಸಿದ ಪತ್ರಿಕೆಗಳು ಅನೇಕ. ತೂಕದ ಯಂತ್ರದ ಮೇಲೆ ನಿಲ್ಲಿಸಲು ಬೇಕಾದದ್ದು ಅರ್ಧ ನಿಮಿಷ.

ಉಸಿರಿನ ಕಾವಲಿಗೆ ಯಂತ್ರಗಳಿವೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ೨೦೨೦–೨೧ರ ಕೊರೋನಾ ಕಾಲದಲ್ಲಿ ನಮ್ಮ ಹಳ್ಳಿಗಳವರೂ ಕಂಡಿದ್ದಾರೆ. ೧೯೭೪ರಲ್ಲಿ ಅದರ ತತ್ತ್ವವನ್ನು ರೂಪಿಸಿದವನು ಜಪಾನಿನ ಟಾಕುವೊ ಅಯೋಯಾಗಿ. ಆದರೆ ಮೂಗಿಗೆ ಆಮ್ಲಜನಕ ಬಿಟ್ಟಿರುವಾಗ ಉಸಿರು ನಿಂತರೂ ಆಕ್ಸಿಮೀಟರಿನ ಅಂಕಿ ಸ್ವಲ್ಪ ಹೊತ್ತು ಹಾಗೆಯೇ ನಿಂತಿರುತ್ತದೆ. ತಿಜೋರಿಯಲ್ಲಿ ಹಣವಿರುವವರೆಗೆ ವ್ಯಾಪಾರ ನಿಂತದ್ದು ತಿಳಿಯದ ಹಾಗೆ. ಹೊರಬರುವ ಇಂಗಾಲದ ಡೈ ಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಮಾತ್ರ ಉಸಿರು ತಪ್ಪಿದ್ದನ್ನು ಕೂಡಲೇ ತೋರಿಸುತ್ತದೆ. ಗಾಢ ಮಂಪರು ಕೊಡುವ ಕಡೆ ಅದು ಇರುವುದು ಒಳ್ಳೆಯದು.

ಹೊಸ ಔಷಧಿಗಳನ್ನು ಕುರಿತು ಎರಡು ಮಾತು ಸಾಕು. ೨೦೨೦ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆಮಿಮಜೋಲಾಮ್ ಮಿಡಜೋಲಾಮಿನ ವಂಶದ್ದೇ. ಶರೀರದ ಕಿಣ್ವವು ಅದನ್ನು ಬೇಗನೆ ಒಡೆದುಹಾಕುವುದರಿಂದ ಮಂಪರು ಬೇಗ ತಿಳಿಯಾಗುತ್ತದೆ. ಫ್ಲುಮಾಜೆನಿಲ್ ಇದಕ್ಕೂ ಪ್ರತಿಮದ್ದು. ಪ್ರೋಪೋಫಾಲಿನೊಡನೆ ಹೋಲಿಸಿದ ಪ್ರಯೋಗಗಳಲ್ಲಿ ಇದರಿಂದ ರಕ್ತದೊತ್ತಡ ಇಳಿಯುವುದೂ ಚುಚ್ಚುವಾಗಿನ ಉರಿಯೂ ಕಡಿಮೆಯೆಂದು ಕಂಡಿದೆ. ಕೆಟಮಿನ್ ಉಸಿರನ್ನು ಉಳಿಸುತ್ತದೆ. ಆದರೆ ಬಾಯಲ್ಲಿ ಜೊಲ್ಲು 늘ಿಸದೆ ಬಿಡದು, ಏಳುವಾಗ ಕೆಲವರಿಗೆ ವಿಚಿತ್ರ ಭ್ರಮೆ. ಡೆಕ್ಸ್‌ಮೆಡಿಟೊಮಿಡಿನ್ ಎಂಬುದು ಉಸಿರಿಗೆ ಸೌಮ್ಯ, ನಾಡಿಗೆ ಅಷ್ಟು ಸೌಮ್ಯವಲ್ಲ.

ಎಲ್ಲ ಹೋಲಿಕೆಗಳಲ್ಲಿಯೂ ಬಿಟ್ಟುಹೋಗುವ ಒಂದು ಸಾಲಿದೆ: ಔಷಧಿಯಿಲ್ಲದಿರುವುದು. ಜಠರದ ಸಾಮಾನ್ಯ ತಪಾಸಣೆ ಕೆಲವೇ ನಿಮಿಷಗಳದ್ದು. ನಮ್ಮಲ್ಲಿ ಅನೇಕ ಕಡೆ ಗಂಟಲಿಗೆ ಲಿಗ್ನೋಕೇನ್ ಸಿಂಪಡಿಸಿ, ಮಂಪರಿಲ್ಲದೆಯೇ ಮುಗಿಸುತ್ತಾರೆ. ಅಂಜದ ಮನಸ್ಸು, ನಿಧಾನವಾಗಿ ಮೂಗಿನಲ್ಲಿ ಉಸಿರಾಡುವ ಅಭ್ಯಾಸ, ಪಕ್ಕದಲ್ಲಿ ಭುಜ ಹಿಡಿದು “ಆಯ್ತು ತಾತ, ಇನ್ನೊಂದೇ ನಿಮಿಷ” ಎನ್ನುವ ದಾದಿ, ಇಷ್ಟಿದ್ದರೆ ಬಹಳ ಮಂದಿ ತಡೆದುಕೊಳ್ಳುತ್ತಾರೆ. ನಮ್ಮ ಮಾವನವರೂ ವೈದ್ಯರೊಡನೆ ಮಾತಾಡಿ ಇದನ್ನೇ ಆರಿಸಿಕೊಂಡರು. “ಹಿತವಾಗಿತ್ತು ಅನ್ನಲಾರೆ, ಬೇಗ ಮುಗಿಯಿತು” ಎಂಬುದು ಅವರ ಅಭಿಪ್ರಾಯ. ಎಲ್ಲರಿಗೂ ಇದು ಆಗದು. ಬಹಳ ಭಯಪಡುವವರು, ಮಕ್ಕಳು, ದೀರ್ಘ ಚಿಕಿತ್ಸೆ ಆಗಬೇಕಾದವರು ಇವರಿಗೆ ಔಷಧಿಯನ್ನು ನಿರಾಕರಿಸುವುದು ಕ್ರೌರ್ಯವೇ ಸರಿ. ಸಿಂಪಡಿಕೆಯೂ ಪೂರ್ತಿ ನಿರಪಾಯವಲ್ಲ. ಆ ಇಂಗ್ಲೆಂಡಿನ ವರದಿಯಲ್ಲಿ ಸಿಂಪಡಿಸಿಕೊಂಡವರಲ್ಲಿ ಅನಂತರ ನ್ಯುಮೋನಿಯಾ ಹೆಚ್ಚಾಗಿ ಕಂಡಿತ್ತು. ಮರಗಟ್ಟಿದ ಗಂಟಲಿಗೆ ನೀರು ಯಾವ ದಾರಿಯಲ್ಲಿ ಇಳಿಯಿತೆಂಬ ಅರಿವಿರುವುದಿಲ್ಲ. ಆದುದರಿಂದ ಮರಗಟ್ಟುವಿಕೆ ಹೋಗುವವರೆಗೆ ಗುಟುಕು ಕಾಫಿಯೂ ಕೂಡದು.

ಮಂಪರು ಪಡೆಯುವವರು ವೈದ್ಯರಿಗೆ ತಾವಾಗಿಯೇ ಹೇಳಬೇಕಾದ ಸಂಗತಿಗಳಿವೆ. ರಾತ್ರಿ ಗಟ್ಟಿಯಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವುದುಂಟೆ, ಹೃದಯದ ಅಥವಾ ಶ್ವಾಸಕೋಶದ ಕಾಯಿಲೆಯುಂಟೆ, ನಿದ್ರೆಯ ಮಾತ್ರೆಯ ಅಭ್ಯಾಸವುಂಟೆ, ಮದ್ಯಪಾನವುಂಟೆ, ಹಿಂದೆ ಅರಿವಳಿಕೆಯಲ್ಲಿ ತೊಂದರೆಯಾದದ್ದುಂಟೆ. ಮಗಳು ಅಳಿಯ ಪಕ್ಕದಲ್ಲಿದ್ದಾರೆಂಬ ಸಂಕೋಚಕ್ಕೆ ಕುಡಿತದ ವಿಷಯ ಮುಚ್ಚಿಡುವವರು ಬೇಕಾದಷ್ಟು ಜನ. ಗಟ್ಟಿ ಆಹಾರ ಬಿಟ್ಟು ಆರು ಗಂಟೆ, ತಿಳಿನೀರು ಬಿಟ್ಟು ಎರಡು ಗಂಟೆಯಾಗಿರಬೇಕೆಂಬುದು ಸಾಮಾನ್ಯ ನಿಯಮ. ವೃದ್ಧರಿಗೆ ಮಿಡಜೋಲಾಮ್ ಅರ್ಧ ಅಥವಾ ಒಂದು ಮಿಲಿಗ್ರಾಮಿನಿಂದ ಆರಂಭಿಸಿ, ಕಾದು ನೋಡಿ ಮುಂದುವರಿಯುವುದು ರೂಢಿ. ತರುಣರಿಗೆ ಆರಂಭವೇ ಎರಡು ಎರಡೂವರೆ. ಈ ಕಾಯುವಿಕೆಗೆ ರೋಗಿಯ ಕಡೆಯವರು ಬೇಸರಪಡಬಾರದು. ಹೊರಗೆ ಕುಳಿತು “ಇನ್ನೂ ಎಷ್ಟು ಹೊತ್ತು?” ಎಂದು ಬಾಗಿಲು ತಟ್ಟುವವರನ್ನು ನಾನೇ ಕಂಡಿದ್ದೇನೆ.

ಮಿಡಜೋಲಾಮಿಗೆ ಇನ್ನೊಂದು ಗುಣವುಂಟು: ಮರೆವು. ಚುಚ್ಚಿದ ಮೇಲೆ ನಡೆದುದನ್ನು ಮನಸ್ಸು ಮುದ್ರಿಸಿಕೊಳ್ಳುವುದಿಲ್ಲ. ರೋಗಿಯು ಎದ್ದು ಕುಳಿತು, ವೈದ್ಯರು ಹೇಳಿದ್ದಕ್ಕೆಲ್ಲ “ಆಗಲಿ ಸಾರ್” ಎಂದು ತಲೆಯಾಡಿಸಿ, ಚಪ್ಪಲಿ ಮೆಟ್ಟಿ ಸರಿಯಾಗಿ ನಡೆದುಬರುತ್ತಾನೆ. ಸಂಜೆ ಕೇಳಿದರೆ ವೈದ್ಯರು ಬಂದದ್ದೇ ನೆನಪಿರುವುದಿಲ್ಲ. ಆದುದರಿಂದ ಅಂದು ವಾಹನ ನಡೆಸಬಾರದು, ಬ್ಯಾಂಕಿನ ಅಥವಾ ಜಮೀನಿನ ಕಾಗದಕ್ಕೆ ರುಜು ಹಾಕಬಾರದು. ಇಪ್ಪತ್ತನಾಲ್ಕು ಗಂಟೆ ಕಳೆಯಬೇಕು. ಹುಣ್ಣಿಗೆ ಯಾವ ಮಾತ್ರೆ, ಎಷ್ಟು ದಿನ, ತುಣುಕು ತೆಗೆದು ಪರೀಕ್ಷೆಗೆ ಕಳುಹಿಸಿದ್ದರ ಫಲಿತಾಂಶಕ್ಕೆ ಯಾವತ್ತು ಬರಬೇಕು ಎಂಬುದನ್ನು ಜೊತೆಗೆ ಬಂದವರು ಒಳಗೆ ಹೋಗಿ ಕೇಳಿಕೊಂಡು, ಒಂದು ಚೀಟಿಯಲ್ಲಿ ಬರೆಸಿಕೊಂಡು ಬರಬೇಕು.